ಬಿಟ್ಟಿ ವಜೀರ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಯಾವ ಕಾಲದಲ್ಲೋ ದನಗಳಿಗೆ ಜೋಳದ ಕಣಿಕೆ ಕತ್ತರಿಸುವಾಗ ಕುಡುಗೋಲು ತಾಗಿ, ಬೆರಳು ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಚದುರಂಗ ಆಡುವಾಗ ಆ ಬೆರಳಿನಿಂದಲೇ ಪ್ಯಾದೆಯನ್ನು ಹಿಂದಿನಿಂದ ನೂಕುತ್ತಿದ್ದರು. ಬಟ್ಟೆಯ ಪಟದ ಮೇಲೆ ಅದು ಸರ್ರನೆ ಒಂದು ಮನೆ ಮುಂದೆ ಹೋಗುತ್ತಿತ್ತು. ಆನೆ, ಕುದುರೆ ಎತ್ತಲು ಬೆರಳು ಬಗ್ಗುವುದಿಲ್ಲ, ಅದಕ್ಕೇ ಬರೀ ಪ್ಯಾದೆ ನೂಕುತ್ತಾಳೆ ಎಂದು ಬಂಧುಗಳು ನಗುತ್ತಿದ್ದರು. ಶುದ್ಧ ಸುಳ್ಳು. ಅದೇ ಕೈಯಲ್ಲಿ ಅವರು ಕುದಿಯುವ ಸಾರಿನ ಪಾತ್ರೆ ಇಳಿಸುವುದನ್ನು ನಾನು ದಿನಾ ನೋಡಿದ್ದೇನೆ.

ನಾನು ವಿಜಯಪುರದ ಕಾಲೇಜಿನಲ್ಲಿ ಪುಸ್ತಕ ನೋಡಿ ಆಟ ಕಲಿತವಳು. ಕುದುರೆಗಳನ್ನು ಮೊದಲು ಹೊರಗೆ ತರಬೇಕು, ರಾಜನಿಗೆ ಬೇಗ ಕೋಟೆ ಕಟ್ಟಬೇಕು, ಪ್ಯಾದೆಗಳನ್ನು ಸುಮ್ಮನೆ ಮುಂದೆ ಓಡಿಸಬಾರದು. ಮದುವೆಯಾಗಿ ಗಡಿಯಾಚೆಯ ತಿಕೋಂಡಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಪಟ ಹಾಸಿ ಕರೆದರು. ಹಿರಿಯರಿಗೆ ಬೇಜಾರಾಗಬಾರದು, ಒಂದು ಆಟ ಸೋತುಬಿಡೋಣ ಎಂದುಕೊಂಡು ಕೂತೆ. ಅವರು ಎಂಟೂ ಪ್ಯಾದೆಗಳನ್ನು ಒಂದೊಂದೇ ಮನೆ ಮುಂದೆ ತಂದು ಸಾಲಾಗಿ ನಿಲ್ಲಿಸಿದರು. ಆನೆ, ಒಂಟೆ, ವಜೀರ ಎಲ್ಲ ಹಿಂದೆ ಬೆಚ್ಚಗೆ ಕೂತಿದ್ದವು. ನನಗೆ ಒಳಗೊಳಗೇ ನಗು. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಕುದುರೆಗೆ ಕಾಲಿಡಲು ಜಾಗವಿಲ್ಲ. ಎಲ್ಲಿ ಹಾರಿದರೂ ಒಂದು ಪ್ಯಾದೆ ಬಂದು ಅಟ್ಟುತ್ತಿತ್ತು. ಸೋಲೋಣ ಎಂದು ಕೂತವಳು ನಿಜವಾಗಿಯೇ ಸೋತೆ. ಇದು ಆಟವೇ ಅಲ್ಲ, ಯಾವ ಪುಸ್ತಕದಲ್ಲೂ ಇಲ್ಲ ಎಂದು ಸಿಟ್ಟಿನಿಂದ ಹೇಳಿದೆ. ಅತ್ತೆ ಕಾಯಿಗಳನ್ನು ಗಂಟು ಕಟ್ಟುತ್ತ, "ಪುಸ್ತಕ ಬರದಾಂವ ನನ್ನ ಕೂಡ ಆಡಿಲ್ಲಲ್ಲ" ಎಂದರು.

ಒಂದು ವಿಷಯಕ್ಕೆ ಮಾತ್ರ ನಮಗೆ ನಿತ್ಯ ಜಗಳ. ಪ್ಯಾದೆ ಎದುರಿನ ಕೊನೆಯ ಸಾಲು ಮುಟ್ಟಿದರೆ, ಪುಸ್ತಕದ ಕಾಯಿದೆಯಂತೆ ವಜೀರನಾಗಬಹುದು. ಪಟದಲ್ಲಿ ಅದಕ್ಕಿಂತ ಬಲದ ಕಾಯಿಲ್ಲ. ಅತ್ತೆಯದು ಊರಿನ ಹಳೆಯ ಕಾಯಿದೆ. ಆನೆಯ ಮನೆ ಮುಟ್ಟಿದ್ದು ಆನೆ, ಕುದುರೆಯ ಮನೆ ಮುಟ್ಟಿದ್ದು ಕುದುರೆ. ವಜೀರ ತೆಗೆದುಕೊಳ್ಳಿ ಎಂದು ನಾನಾಗಿಯೇ ಕೊಡಹೋದರೂ ಕೈಯಿಂದ ಸರಿಸುತ್ತಿದ್ದರು. "ಬಿಟ್ಟಿ ವಜೀರ ನನಗ ಬ್ಯಾಡ. ಅದು ನಡಕೋತ ಹೋಗಿ ಯಾವ ಮನಿ ಮುಟ್ಟೇತಿ, ಅದಽ ಆಗ್ಲಿ."

ನನಗೆ ಸನಮಡಿಯ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಾಗ ಮಗಳು ಆಗಷ್ಟೇ ನಡೆಯಲು ಕಲಿಯುತ್ತಿದ್ದಳು. ಕೂಸು ನನ್ನ ಹತ್ತಿರ ಇರಲಿ, ನೀನು ನಡೆ ಎಂದು ಅತ್ತೆ ಮೊದಲ ದಿನವೇ ಬುತ್ತಿ ಕಟ್ಟಿ ಕೈಗಿಟ್ಟರು. ಸಿಕ್ಕಷ್ಟು ಜನರನ್ನು ತುಂಬಿಕೊಂಡು ಹೋಗುವ ವಡಾಪ್ ಜೀಪಿನಲ್ಲಿ ಊರ ಗಂಡಸರ ನಡುವೆ ಇಕ್ಕಟ್ಟಾಗಿ ಕೂತು ಹೋಗಿ ಬರುತ್ತಿದ್ದೆ. ಸುದ್ದಿ ಜತ್ತದಲ್ಲಿದ್ದ ಕಾಕಾನಿಗೆ ಮುಟ್ಟಿತು. ಕಾಕಾ ಎಂದರೆ ತೀರಿಕೊಂಡ ನಮ್ಮ ಮಾವನ ತಮ್ಮ. ಮನೆಯಲ್ಲಿ ಅವರದೇ ಕೊನೆಯ ಮಾತು. ಸಾಂಗಲಿಗೆ ಹೋಗಿ ಸ್ಪರ್ಧೆಗಳಲ್ಲಿ ಆಡಿ ಬಂದವರು, ಚದುರಂಗ ಎನ್ನದೆ ಮರಾಠಿಯಲ್ಲಿ ಬುದ್ಧಿಬಳ ಎನ್ನುವವರು. ಒಂದು ಭಾನುವಾರ ಬಂದು, ಉಣ್ಣಲು ಕಡಿಮೆಯಿಲ್ಲದ ಮನೆಯ ಸೊಸೆ ಹೀಗೆ ಜೀಪು ಹತ್ತುವುದು ಚೆಂದವಲ್ಲ, ನಾಳೆಯಿಂದಲೇ ಬಿಡಲಿ ಎಂದರು. ನನ್ನ ಗಂಡ ಮೊಬೈಲಿನಲ್ಲಿ ಮುಖ ಹುದುಗಿಸಿದ. ಈ ಕೆಲಸ ಬಿಟ್ಟರೆ ಇನ್ನೊಮ್ಮೆ ಹೊಸ್ತಿಲು ದಾಟಲು ಯಾರೂ ಬಿಡುವುದಿಲ್ಲ ಎಂಬುದು ಗೊತ್ತಿತ್ತು.

ಅತ್ತೆ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದಾಗ ಕಾಕಾ ಮೂಲೆಯಲ್ಲಿದ್ದ ಚದುರಂಗದ ಗಂಟಿನ ಕಡೆ ಕೈ ತೋರಿಸಿ ಅತ್ತಿಗೆಯನ್ನು ನೋಡಿ ನಕ್ಕರು. "ಆಡೂಣ ಬರ್ರಿ ವೈನಿ. ನೀವು ಗೆದ್ರ ಅಕಿ ಹೋಗ್ಲಿ, ನಾ ಗೆದ್ರ ಮನ್ಯಾಗ ಕುಂದರ್ಲಿ."

ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಪಣಕ್ಕಿಡಲು ಇವರು ಯಾರು? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಪಟ ಹಾಸತೊಡಗಿದ್ದರು.

"ಅಕಿ ನೌಕರಿ ಪಟದ ಮ್ಯಾಲ ಇಡೂದಲ್ಲ. ಅಕಿ ನಾಳಿ ಹೋಗಾಕಿನಽ. ನೀ ಆಡಾಂವಿದ್ರ ಕುಂದ್ರು."

ಕಾಕಾ ಕೂತರು. ಅತ್ತೆಯದು ಅದೇ ಎಂಟು ಪ್ಯಾದೆ, ಅದೇ ಹೆಬ್ಬೆರಳು. ಕಾಕಾ ಮೊದಮೊದಲು ಮೀಸೆಯಲ್ಲೇ ನಗುತ್ತಿದ್ದರು. ಆಮೇಲೆ ನಗು ನಿಂತಿತು, ಕುಡಿಯದೆ ಇಟ್ಟ ಚಹಾ ಆರಿತು. ಕೊನೆಗೆ ಅತ್ತೆಯ ಪ್ಯಾದೆಯೊಂದು ಕುದುರೆಯ ಮನೆ ಮುಟ್ಟಿತು. ವಜೀರ ತೆಗೆದುಕೊಂಡಿದ್ದರೆ ಆಟ ಅಲ್ಲಿಗೇ ಅತ್ತೆಯದಾಗುತ್ತಿತ್ತು. ಕಾಕಾ ಆಟದಲ್ಲಿ ಪ್ರಾಮಾಣಿಕರು, ವಜೀರ ತಗೋರಿ ಎಂದು ತಾವೇ ಹೇಳಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅತ್ತೆ ಸತ್ತ ಕುದುರೆಯನ್ನು ಎತ್ತಿ ಪಟದ ಮೇಲಿಟ್ಟರು. ಸೋತರು.

ಮುಗಿಯಿತಲ್ಲ, ಇನ್ನು ಸೊಸೆ ಮನೆಯಲ್ಲೇ ಎಂದು ಕಾಕಾ ತೊಡೆ ತಟ್ಟಿದರು. ಗಂಟು ಕಟ್ಟುತ್ತಿದ್ದ ಅತ್ತೆ ತಲೆ ಕೂಡ ಎತ್ತಲಿಲ್ಲ. "ಯಾಕ? ನಾ ಅಕಿನ್ನ ಪಣಕ್ಕ ಇಟ್ಟಿದ್ನೇನು?"

ಮರುದಿನ ಬುತ್ತಿ ಎಂದಿನಂತೆ ಕಟ್ಟಿತ್ತು. ಕೂಸು ಅವರ ಸೊಂಟದ ಮೇಲಿತ್ತು. ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಕಾಕಾನ ಮುಂದೆಯೇ ನಾನು ಹೋಗಿ ಜೀಪು ಹತ್ತಿದೆ.

ಆಮೇಲೆ ಅತ್ತೆ ಕೇಳಬೇಕಾದ ಮಾತು ಒಂದೆರಡಲ್ಲ. ಸೊಸೆಗೆ ಸಲಿಗೆ ಕೊಟ್ಟು ಮನೆತನದ ಮರ್ಯಾದೆ ಕಳೆದಳು ಎಂದು ಬಂಧುಗಳು ಅಂದರು. ಕೆಲವರು ಮದುವೆಗೆ ಕರೆಯುವುದನ್ನೂ ಬಿಟ್ಟರು. ಅವರಿಗೆ ಅದು ತಾಗಲಿಲ್ಲ ಎಂದು ನಾನು ಹೇಳಲಾರೆ. ಎಷ್ಟೋ ಸಲ ಉಣ್ಣುತ್ತ ಉಣ್ಣುತ್ತ ತುತ್ತು ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಆದರೆ ನನ್ನ ಬುತ್ತಿ ಒಂದು ದಿನವೂ ತಪ್ಪಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಕಾಕಾ ಮೆಲ್ಲಗೆ ಹಳೆಯ ಮಾತು ತೆಗೆದರು. ಇನ್ನು ಈ ಮನೆಗೆ ದೊಡ್ಡವಳು ನೀನೇ, ಈಗಲಾದರೂ ನೌಕರಿ ಬಿಟ್ಟು ಮನೆ ನೋಡಿಕೋ ಎಂದರು. ನಾನು ಗಂಟು ಬಿಚ್ಚಿ ಪಟ ಹಾಸಿದೆ. ಪಣ ಏನೂ ಇಲ್ಲ, ಸುಮ್ಮನೆ ಆಡೋಣ ಎಂದೆ.

ಎಂಟೂ ಪ್ಯಾದೆಗಳನ್ನು ಹೆಬ್ಬೆರಳಿನಿಂದ ನೂಕಿದೆ. ನನ್ನ ಹೆಬ್ಬೆರಳು ಚೆನ್ನಾಗಿಯೇ ಮಡಚುತ್ತದೆ, ಆದರೂ ನೂಕಿದೆ. ಒಂದು ಪ್ಯಾದೆ ಕುದುರೆಯ ಮನೆ ಮುಟ್ಟಿತು. ಕಾಕಾ ಏನೂ ಕೇಳದೆ, ತಾವು ಹೊಡೆದಿಟ್ಟುಕೊಂಡಿದ್ದ ನನ್ನ ಕುದುರೆಯನ್ನು ಎತ್ತಿ ಮುಂದೆ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು. ಕೈ ಮಾತ್ರ ಚಾಚಲಿಲ್ಲ.

"ವಜೀರ ಕೊಡ್ರಿ ಕಾಕಾ" ಎಂದೆ.

"ವೈನಿ ಬಿಟ್ಟಿ ವಜೀರ ಬ್ಯಾಡಂತಿದ್ರು" ಎಂದರು ಕಾಕಾ.

"ಇದು ಬಿಟ್ಟಿ ಅಲ್ರಿ. ನಮ್ಮತ್ತಿ ದುಡದಿಟ್ಟದ್ದು."

ಕೊಟ್ಟರು. ಮರುದಿನ ಬೆಳಿಗ್ಗೆ ನನ್ನ ಬುತ್ತಿ ನಾನೇ ಕಟ್ಟಿಕೊಂಡು ಜೀಪು ಹತ್ತಿದೆ.