ಅದೇ ನನ್ನ ಮಾತು

ನಮ್ಮ ಸೋದರತ್ತೆಗೆ ಎರಡೇ ವಿಷಯಕ್ಕೆ ಹೆಮ್ಮೆ. ಒಂದು, ಅವಳು ಹೊಲಿದ ಕಾಲರ್ ಎಷ್ಟು ಒಗೆದರೂ ಮುದುಡುತ್ತಿರಲಿಲ್ಲ. ಇನ್ನೊಂದು, ಅವಳು ನಡೆಸುವ ಪಕ್ಷದ ವಾರ್ಡ್ ಸಭೆಯಲ್ಲಿ ಯಾರೂ ಯಾರ ಮೇಲೂ ಕುರ್ಚಿ ಎತ್ತಿರಲಿಲ್ಲ. ಪಕ್ಕದ ವಾರ್ಡಿನಲ್ಲಿ ಎತ್ತಿದ್ದರು. ಆ ಕುರ್ಚಿ ಇವತ್ತಿಗೂ ಕುಂಟುತ್ತದೆ, ಏಟು ತಿಂದವನೂ ಅಷ್ಟೇ.

ಸಭೆ ಸೇರುತ್ತಿದ್ದದ್ದು ಅವಳ ಹೊಲಿಗೆ ಅಂಗಡಿಯಲ್ಲಿ. ಸಂಜೆ ಶಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಬೆಂಚು ಎಳೆದರೆ ಅದೇ ಪಕ್ಷದ ಕಚೇರಿ. ನಾನು ಮೂಲೆಯಲ್ಲಿ ಶಾಲೆ ಮಕ್ಕಳ ಅಂಗಿಗೆ ಗುಂಡಿ ಹಚ್ಚುತ್ತಾ ಕೂತಿರುತ್ತಿದ್ದೆ. ನನಗೆ ರಾಜಕೀಯ ಬೇಕಿರಲಿಲ್ಲ, ಆದರೆ ಕಿವಿಗೆ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲವಲ್ಲ.

ಅಲ್ಲಿ ಅತ್ತೆಯದೇ ಒಂದು ಕಟ್ಟಳೆ. ಯಾರ ಮಾತಿಗಾದರೂ ಎದುರು ಹೇಳಬೇಕಿದ್ದರೆ ಮೊದಲು ಆ ಮಾತನ್ನು ಅವರಿಗೇ ತಿರುಗಿ ಒಪ್ಪಿಸಬೇಕು. ಅವರು ‘ಹೌದು, ಅದೇ ನನ್ನ ಮಾತು’ ಅಂದ ಮೇಲೆಯೇ ನಿಮ್ಮ ಉತ್ತರ. ಮೊದಮೊದಲು ಇಸ್ತ್ರಿ ಅಂಗಡಿಯವನು, “ಇದೇನು ಟೈಲರಕ್ಕ, ಈ ವಯಸ್ಸಲ್ಲಿ ಮಗ್ಗಿ ಒಪ್ಪಿಸೋದಾ?” ಎಂದು ನಕ್ಕಿದ್ದ. ಆದರೆ ಎದುರಿಗಿರುವವನ ಮಾತನ್ನು ನಮ್ಮ ಬಾಯಿಂದ ಆಡುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಅತ್ತೆ ಕೈ ಎತ್ತಿಸಿ ಎಣಿಸುತ್ತಲೂ ಇರಲಿಲ್ಲ. “ಗೆದ್ದೋರು ಸೋತೋರು ಇಬ್ಬರೂ ಇದೇ ಶಟರ್ ಕೆಳಗೆ ಬಗ್ಗಿಕೊಂಡು ಹೋಗಬೇಕು. ಗೆಲ್ಲೋದ್ಯಾಕೆ, ಸೋಲೋದ್ಯಾಕೆ?” ಎನ್ನುತ್ತಿದ್ದಳು. ಎಲ್ಲರೂ ಒಪ್ಪುವ ತನಕ ಮಾತು, ಆಮೇಲೆ ಚಹಾ. ಚಹಾದ ಆಸೆಗೆ ಒಪ್ಪಿದವರೂ ಇದ್ದರು, ಅದು ಬೇರೆ ವಿಷಯ.

ಈ ಕಟ್ಟಳೆಯನ್ನು ಅವಳಿಗಿಂತ ಹೆಚ್ಚು ನಂಬಿದ್ದವರು ಡ್ರೈವರಣ್ಣ. ಬಸ್ಸು ಓಡಿಸಿ ನಿವೃತ್ತರಾದವರು, ಅತ್ತೆಗಿಂತ ಹಳೆಯ ಪಕ್ಷದವರು, ಮೂಗಿನ ತುದಿಯಲ್ಲೇ ಕೋಪ. ಅತ್ತೆಯನ್ನು ಒಡಹುಟ್ಟಿದ ತಂಗಿಯಂತೆ ನೋಡುತ್ತಿದ್ದರು. ಅವರ ಹೆಂಡತಿಗೆ ಉಬ್ಬಸ. ಆಕೆ ಅಂಗಡಿಗೆ ಬಂದರೆ ಮೊದಲು ಬೆಂಚಿನ ಮೇಲೆ ಕೂತು ಉಸಿರು ಸರಿಮಾಡಿಕೊಂಡು, ಆಮೇಲೆ ಬೈಯಲು ಶುರು ಮಾಡುತ್ತಿದ್ದರು: “ನನ್ನ ಗಂಡ ಮನೇಲೂ ಹಾರನ್ ಹೊಡೀತಾನೆ, ಇಲ್ಲೂ ಹೊಡೀತಾನಾ?”

ನಮ್ಮ ವಾರ್ಡು ರೈಲು ಹಳಿಯ ಈಚೆಗಿದೆ. ದೊಡ್ಡಾಸ್ಪತ್ರೆ ಆಚೆಗೆ. ನಡುವೆ ಗೇಟು. ಒಮ್ಮೆ ಬಿದ್ದರೆ ಗೂಡ್ಸ್ ಗಾಡಿ ಹೋಗುವಷ್ಟರಲ್ಲಿ ಅಜ್ಜ ಮೊಮ್ಮಗನಿಗೆ ಮದುವೆ ಮಾಡಿ ಮುಗಿಸಬಹುದು ಎಂಬುದು ಇಲ್ಲಿಯ ಮಾಮೂಲಿ ತಮಾಷೆ. ಅದಕ್ಕೇ ಈಚೆಯ ಸಣ್ಣ ಆಸ್ಪತ್ರೆಯಲ್ಲಿ ಒಂದು ಆಂಬುಲೆನ್ಸ್ ಇಟ್ಟಿದ್ದರು, ಒಳಗೊಬ್ಬ ನರ್ಸು, ಆಕ್ಸಿಜನ್ನು. ನಗರಸಭೆ ನಮ್ಮ ಪಕ್ಷದ ಕೈಗೆ ಬಂದ ಮೇಲೆ ಎಲ್ಲ ಆಂಬುಲೆನ್ಸುಗಳನ್ನೂ ದೊಡ್ಡಾಸ್ಪತ್ರೆಯಲ್ಲೇ ನಿಲ್ಲಿಸುವುದೆಂದು ಮೇಲಿನವರು ಯೋಚಿಸಿದರು. ಆದರೆ ವಾರ್ಡಿನ ಸವಲತ್ತನ್ನು ಕದಲಿಸಬೇಕಾದರೆ ಆ ವಾರ್ಡಿನ ಸಭೆ ಒಮ್ಮತದಿಂದ ಒಪ್ಪಬೇಕು, ಇದು ಪಕ್ಷದ ನಿಯಮ. ಒಬ್ಬರು ‘ಇಲ್ಲ’ ಅಂದರೂ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಆ ಒಬ್ಬರು ಡ್ರೈವರಣ್ಣ.

“ಗೇಟು ಬಿದ್ದಿದ್ದಾಗ ಗಾಡಿ ಆಚೆ ಇದ್ರೆ, ಈಚೆ ಇರೋರು ಏನ್ಮಾಡಬೇಕು? ಇಷ್ಟೇ ನಾನು ಕೇಳೋದು,” ಎಂದರು.

ಮೇಲಿನವರ ಪರವಾಗಿ ಬಂದಿದ್ದವರು ಪಕ್ಷದ ಒಬ್ಬ ವಕೀಲರು. ಬೆಣ್ಣೆಯಿಂದ ಕೂದಲು ತೆಗೆಯುವಂತೆ ಮಾತಾಡುವ ಮನುಷ್ಯ. ಕಟ್ಟಳೆಯಂತೆ ಒಪ್ಪಿಸಿದರು: “ಮನೇಲಿ ಕಾಯಿಲೆಯ ಹೆಂಡತಿ ಇರೋದ್ರಿಂದ ಅಣ್ಣನವರಿಗೆ ಗೇಟಿನ ಭಯ ಇದೆ. ಸಹಜ.”

“ಅದು ನನ್ನ ಮಾತಲ್ಲ. ಹೆಂಡತಿ ಸುದ್ದಿ ನಾನು ಎತ್ತಲೇ ಇಲ್ಲ.”

ವಕೀಲರು ಕ್ಷಮೆ ಕೇಳಿದರು. ಎರಡನೇ ಸಲ ಅಕ್ಷರ ತಪ್ಪದೆ ಒಪ್ಪಿಸಿದರು, ಡ್ರೈವರಣ್ಣ ಹೇಳಿದ್ದಕ್ಕಿಂತ ಚೆನ್ನಾಗಿಯೇ. “ಹೌದು, ಅದೇ ನನ್ನ ಮಾತು,” ಎನ್ನದೆ ಡ್ರೈವರಣ್ಣನಿಗೆ ವಿಧಿಯಿರಲಿಲ್ಲ. ಆಮೇಲೆ ವಕೀಲರ ಉತ್ತರ: ಫೋನು ಮಾಡಿದರೆ ಗಾಡಿ ಬರುತ್ತದೆ, ಒಂದು ವರ್ಷ ನೋಡೋಣ, ಚುನಾವಣೆ ಹತ್ತಿರ, ಒಡಕು ಕಾಣಬಾರದು. ಗೇಟಿನ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಸೂಜಿ ಚುಚ್ಚಿತು, ಸಿಟ್ಟಿನಿಂದಲೇ. ಕೇಳಿಸಿಕೊಂಡಂತೆ ಮಾಡುವುದನ್ನು ಆ ಮನುಷ್ಯ ನಮ್ಮ ಅತ್ತೆಯಿಂದಲೇ ಕಲಿತಿದ್ದ.

ಡ್ರೈವರಣ್ಣ ಕಡ್ಡಿ ಮುರಿದಂತೆ, “ಇಲ್ಲ,” ಎಂದರು. ಮುಂದಿನ ಸಭೆಯಲ್ಲೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಚಹಾ ಆರುತ್ತಾ ಬಂತು, ಜನರ ಮುಖ ಗಂಟಾಗುತ್ತಾ ಬಂತು. ವಕೀಲರು ಅತ್ತೆಯನ್ನು ಪಕ್ಕಕ್ಕೆ ಕರೆದು, “ಇಡೀ ಪಕ್ಷಕ್ಕೆ ನಿಮ್ಮ ಸಭೆ ಮಾದರಿ ಅಂತಿದ್ವಿ ಟೈಲರಕ್ಕ. ಈಗ ಏನು ಹೇಳೋದು?” ಎಂದರಷ್ಟೆ. ಬೆದರಿಸಲಿಲ್ಲ. ಬೆದರಿಸಿದ್ದರೆ ಅತ್ತೆ ಕತ್ತರಿ ಕೈಗೆತ್ತಿಕೊಂಡಿರುತ್ತಿದ್ದಳು. ಹೊಗಳಿಕೆ ತಪ್ಪಿಹೋಗುತ್ತದೆಂಬ ಭಯ ಅವಳನ್ನು ಹಿಡಿಯಿತು.

ಮರುದಿನ ಡ್ರೈವರಣ್ಣ ಪ್ಯಾಂಟಿನ ಅಂಚು ಹೊಲಿಸಲು ಬಂದಾಗ ಅವಳು ಮೆಷಿನ್ ನಿಲ್ಲಿಸಿದಳು.

“ಅಣ್ಣ, ಇಷ್ಟು ವರ್ಷದಲ್ಲಿ ಒಡಕಿನ ಮಾತು ಈ ಅಂಗಡಿಯಿಂದ ಹೊರಗೆ ಹೋಗಿಲ್ಲ. ನನ್ನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರೀರಿ. ಒಪ್ಪಬೇಡಿ, ಸುಮ್ಮನಿರಿ ಸಾಕು.”

ಅವರು ಪ್ಯಾಂಟಿನ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ದಾರವನ್ನು ಎಳೆದು ತೆಗೆದರು. ಅವತ್ತು ಅತ್ತೆ ತನ್ನದೇ ಕಟ್ಟಳೆ ಮರೆತಿದ್ದಳು. ಅವರ ಮಾತನ್ನು ಅವರಿಗೆ ಒಪ್ಪಿಸಿರಲಿಲ್ಲ. ಅದು ಅವರಿಗೆ ಗೊತ್ತಾಯಿತೆಂದು ನನಗೆ ಆಗ ಹೊಳೆಯಲಿಲ್ಲ.

“ನಿನ್ನ ಮುಖಕ್ಕೆ ಒಪ್ಪಿದೆ ಕಣಮ್ಮ. ಮಾತಿಗಲ್ಲ,” ಎಂದು ಹೋದರು.

ಮುಂದಿನ ಸಭೆಯಲ್ಲಿ ಅವರು ‘ಇಲ್ಲ’ ಎನ್ನಲಿಲ್ಲ, ಒಮ್ಮತ ಮೇಲಕ್ಕೆ ಹೋಯಿತು. ಸಮಾವೇಶದಲ್ಲಿ ಅತ್ತೆಯನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆಸಿದರು. ಆಂಬುಲೆನ್ಸು ತನ್ನ ನರ್ಸು, ಈಚೆಗಿದ್ದ ಒಂದೇ ಆಕ್ಸಿಜನ್ನಿನ ಸಮೇತ ಹಳಿ ದಾಟಿ ಆಚೆ ಹೋಯಿತು, ಮೊದಲಿದ್ದ ಜಾಗದಲ್ಲಿ ಯಾರೋ ತಳ್ಳುಗಾಡಿ ನಿಲ್ಲಿಸಿದರು.

ಆಮೇಲಿನದು ಹೇಳಲು ಬಾಯಿ ಬರುವುದಿಲ್ಲ, ಹೇಳದಿದ್ದರೆ ಕತೆ ಸುಳ್ಳಾಗುತ್ತದೆ. ಚಳಿ ಶುರುವಾದ ಹೊಸತರಲ್ಲಿ, ಹಾಡಹಗಲಲ್ಲಿ, ಡ್ರೈವರಣ್ಣನ ಹೆಂಡತಿಗೆ ಉಸಿರು ಕಟ್ಟಿತು. ಫೋನು ಮಾಡಿದರು. ಗಾಡಿ ಬಂತು, ವಕೀಲರು ಸುಳ್ಳು ಹೇಳಿರಲಿಲ್ಲ. ಬಂದು ಗೇಟಿನ ಆಚೆ ನಿಂತಿತು. ಗೂಡ್ಸ್ ಗಾಡಿ ಹಳಿಯ ಮೇಲೆ ಕೆಟ್ಟು ನಿಂತಿತ್ತು. ಡ್ರೈವರಣ್ಣ ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಈಚೆ ಗೇಟಿಗೆ ಬಂದರು. ನಡುವೆ ಡಬ್ಬಿಗಳು. ನರ್ಸು ಆಕ್ಸಿಜನ್ ಸಿಲಿಂಡರ್ ಹೊತ್ತು ಡಬ್ಬಿಗಳ ಕೆಳಗೆ ನುಸುಳಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತೆ ಅವರ ಮನೆಗೆ ಹೋಗಲು ಕೆಲವು ದಿನ ಧೈರ್ಯ ಮಾಡಲಿಲ್ಲ. ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ಡ್ರೈವರಣ್ಣ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಡತಿಯ ಔಷಧಿ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದರು. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅಣ್ಣ, ನಾನು...” ಎಂದಳು ಅತ್ತೆ.

“ತಡಿಯಮ್ಮ.” ಅವರ ದನಿಯಲ್ಲಿ ಹಾರನ್ ಇರಲಿಲ್ಲ. “ನಿನ್ನ ಕಟ್ಟಳೆ ನಿನಗೆ ನೆನಪಿಲ್ವಾ? ಮೊದಲು ನನ್ನ ಮಾತು ಒಪ್ಪಿಸು. ಅವತ್ತು ಅಂಗಡೀಲಿ ಒಪ್ಪಿಸಲಿಲ್ಲ.”

ಅತ್ತೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಗೋಡೆ ಹಿಡಿದುಕೊಂಡು ಅವರೆದುರು ಕೂತಳು. ಒಪ್ಪಿಸಿದಳು:

“ಗೇಟು ಬಿದ್ದಿದ್ದಾಗ... ಗಾಡಿ ಆಚೆ ಇದ್ರೆ... ಈಚೆ ಇರೋರು ಏನ್ಮಾಡಬೇಕು.”

“ಹೌದು. ಅದೇ ನನ್ನ ಮಾತು,” ಎಂದರು ಡ್ರೈವರಣ್ಣ. ಕೊನೆಯ ಡಬ್ಬಿಯನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕೈ ಒರೆಸಿಕೊಂಡು, ಪೂರ್ತಿ ಅವಳ ಕಡೆ ತಿರುಗಿ ಕೂತರು. “ಈಗ ನಿನ್ನ ಉತ್ತರ ಹೇಳು. ನಾನು ಕೇಳ್ತೀನಿ.”

ಅವರು ನಿಜಕ್ಕೂ ಕಾಯುತ್ತಿದ್ದರು. ಕತ್ತಲಾಗುವ ತನಕ ಅತ್ತೆ ಅಲ್ಲೇ ಕೂತಿದ್ದಳು.