ಚರಗ ಚೆಲ್ಲಲು ಒಂದು ಹೊಲ

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲದಿದ್ದರೆ ಅವ್ವನಿಗೆ ಸಮಾಧಾನವೇ ಇರುತ್ತಿರಲಿಲ್ಲ. ಭಜ್ಜಿ, ಸಜ್ಜೆ ಕಡುಬು, ಅಂಬಲಿ ಮಾಡಿ ಬೆಳೆಯ ನಡುವೆ ಚೆಲ್ಲಿ ಮೊದಲು ಭೂಮಿತಾಯಿಗೆ ಉಣಿಸಬೇಕು, ಆಮೇಲೆ ನಾವು ಉಣ್ಣಬೇಕು. ಆದರೆ ಬೀದರ್ ಕಡೆಯಿಂದ ಬಂದ ನಮಗೆ ಹೈದರಾಬಾದಿನಲ್ಲಿ ಹೊಲ ಎಲ್ಲಿಯದು? ಅಪ್ಪನಿಗೆ ಲಿಂಗಂಪಲ್ಲಿ ಹತ್ತಿರದ ಕಾರ್ಖಾನೆಯಲ್ಲಿ ನೌಕರಿ, ಮನೆ ಕೆರೆಯ ಪಕ್ಕದ ಕಾಲೊನಿಯಲ್ಲಿ. ಕೆರೆಯಂಚಿಗೆ ಜೋಳದ ಹೊಲವೊಂದನ್ನು ಗೇಣಿಗೆ ಮಾಡುತ್ತಿದ್ದ ತೆಲುಗು ಹೆಂಗಸು, ಮೊದಲ ವರ್ಷ ಅವ್ವ ಬುಟ್ಟಿ ಹೊತ್ತು ಬದುವಿನ ಮೇಲೆ ಸಂಕೋಚದಿಂದ ನಿಂತದ್ದನ್ನು ಕಂಡು, ಏನೂ ಕೇಳದೆ ಒಳಗೆ ಕರೆದಿದ್ದಳು. ಅವತ್ತಿನಿಂದ ಅವ್ವ ಅವಳನ್ನು ತಂಗಿ ಎಂದೇ ಕರೆದಳು. ಆ ಹೊಲ ನಮ್ಮದೂ ಆಯಿತು.

ಅಪ್ಪನಿಗೆ ಎದೆನೋವು ಶುರುವಾದ ಮೇಲೆ ಅದೇ ಹೊಲ ನನ್ನ ಕಣ್ಣಿಗೆ ಚುಚ್ಚತೊಡಗಿತು. ಆಸ್ಪತ್ರೆ ಇದ್ದದ್ದು ಮಿಯಾಪುರದಲ್ಲಿ. ಹೊಲದ ನಡುವೆ ರಸ್ತೆಯೊಂದಿದ್ದರೆ ನೆಟ್ಟಗೆ ಹೋಗಬಹುದಿತ್ತು. ಇಲ್ಲದ್ದಕ್ಕೆ ಆಟೋ ಇಡೀ ಕೆರೆ ಸುತ್ತಬೇಕು, ರೈಲ್ವೆ ಗೇಟಿನಲ್ಲಿ ಕಾಯಬೇಕು. ಪಕ್ಕದಲ್ಲಿ ಅಪ್ಪ ಬೆವರುತ್ತ ಕೂತಿರುತ್ತಿದ್ದ.

ಆಗಲೇ ಸರ್ಕಾರದವರು ಬಂದರು. ಈ ಕೆರೆ, ಈ ನೆಲ ಮುಂದಿನವರಿಗೂ ಉಳಿದು ಬಾಳಬೇಕಾದರೆ ಏನಿರಬೇಕು ಎಂದು ಇಲ್ಲಿಯವರನ್ನೇ ಕೇಳುತ್ತಾರಂತೆ. ಗುಡಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಸುತ್ತಲಿನ ನಕ್ಷೆ ಬರೆಸಿದರು. ಎಲ್ಲರ ಕೈಗೂ ಹುಣಸೆ ಬೀಜ ಕೊಟ್ಟು, ಕೆರೆಯೋ ಹೊಲವೋ ಹೊಸ ರಸ್ತೆಯೋ, ಬೇಕಾದ್ದರ ಮೇಲೆ ಇಡಿ, ನಿಮ್ಮ ಮಾತೇ ನಡೆಯುವುದು ಎಂದರು. ನಮ್ಮಂಥವರ ಮಾತು ಯಾವ ಕಾಲಕ್ಕೆ ಎಲ್ಲಿ ನಡೆದಿತ್ತೋ ದೇವರೇ ಬಲ್ಲ.

ಅವ್ವ ತನ್ನ ಬೀಜಗಳನ್ನೆಲ್ಲ ಹೊಲದ ಮೇಲೆ ಇಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪಗಿಂತ ಹೊಲ ಹೆಚ್ಚಾತೇನು ನಿನಗ?"

"ಅವ್ರ ಸಲುವಾಗೇ ಇಡಾಕತ್ತೀನಿ ಯವ್ವಾ. ಭೂಮ್ತಾಯಿ ಹೊಟ್ಟಿ ತಣ್ಣಗಿದ್ರ ಅವ್ರೂ ತಣ್ಣಗಿರ್ತಾರ."

ಪಕ್ಕದಲ್ಲೇ ಕೂತಿದ್ದ ಆ ಹೆಂಗಸಿಗೆ ನಮ್ಮ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ಅವಳು ಅವ್ವನ ಬೀಜಗಳನ್ನು ಬಳಿದು ರಸ್ತೆಯ ಗೆರೆಯ ಮೇಲೆ ಇಟ್ಟಳು. ತನ್ನವನ್ನೂ ಅಲ್ಲಿಯೇ ಸುರಿದಳು. ಮೊದಲು ಅಣ್ಣ ಬದುಕಲಿ ಅಕ್ಕಾ, ಹೊಲ ಎಲ್ಲಾದರೂ ಸಿಗುತ್ತದೆ ಎಂದು ತೆಲುಗಿನಲ್ಲಿ ಹೇಳಿದಳು. ಎಲ್ಲಿಯೂ ಸಿಗುವುದಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲವೇ? ಅವ್ವ ಅವಳ ಕೈ ಹಿಡಿದುಕೊಂಡಳು.

ರಸ್ತೆ ಬಂತು. ನಮ್ಮ ಬೀಜಗಳಿಂದ ಬಂತೋ, ಅವರು ಮೊದಲೇ ತೀರ್ಮಾನ ಮಾಡಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಜೋಳ ಕಿತ್ತ ನೆಲಕ್ಕೆ ಲಾರಿಗಳು ಜಲ್ಲಿ ಸುರಿಯುತ್ತಿದ್ದ ದಿನಗಳಲ್ಲೇ, ಮುಚ್ಚಿದ ರೈಲ್ವೆ ಗೇಟಿನ ಮುಂದೆ, ಆಟೋದಲ್ಲಿ ನನ್ನ ಹೆಗಲಿಗೆ ಒರಗಿ ಅಪ್ಪ ಹೋಗಿಬಿಟ್ಟ. ಎಷ್ಟು ಅತ್ತರೂ ನನ್ನ ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಅಪ್ಪನ ವರ್ಷಾಂತಿಕ ಮುಗಿದ ಮೇಲೆ ಮತ್ತೆ ಎಳ್ಳಮಾವಾಸ್ಯೆ ಬಂತು. ಅವ್ವ ಎಂದಿನಂತೆ ಅಡುಗೆ ಮಾಡಿ ಬುಟ್ಟಿ ಹೊತ್ತಳು. ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ಮುಸುರೆ ತಿಕ್ಕುತ್ತಿದ್ದ ಆ ಹೆಂಗಸೂ ಕೆಲಸಕ್ಕೆ ರಜೆ ಹೇಳಿ ಬಂದಿದ್ದಳು. ಮೂವರೂ ರಸ್ತೆಯ ಅಂಚಿನಲ್ಲಿ ನಡೆದೆವು. ಎರಡೂ ಕಡೆ ಕಾಂಪೌಂಡ್ ಗೋಡೆಗಳೆದ್ದಿದ್ದವು.

"ತಂಗಿ, ನಮ್ಮ ಹೊಲ ಎಲ್ಲಿತ್ತವ್ವಾ? ಎಲ್ಲಿ ಚೆಲ್ಲಲಿ?" ಎಂದು ಅವ್ವ ಕೇಳಿದಳು.

ಅವಳು ಹಿಂದೆ ಬಂದಳು, ಮುಂದೆ ಹೋದಳು, ಗೋಡೆಯ ಸಂದಿಯಲ್ಲಿ ಇಣುಕಿ ನೋಡಿದಳು. ಹುಟ್ಟಿದಾಗಿನಿಂದ ತುಳಿದ ನೆಲ ಅವಳಿಗೇ ಗುರುತು ಸಿಗಲಿಲ್ಲ. ಕೊನೆಗೆ ಸೆರಗು ಬಾಯಿಗೆ ಹಿಡಿದು ಅಲ್ಲಿಯೇ ಕುಸಿದು ಕೂತಳು.

ಅವ್ವ ತುಂಬಿದ ಬುಟ್ಟಿಯನ್ನು ಹಾಗೆಯೇ ಮನೆಗೆ ತಂದು ಇಳಿಸಿದಳು. ಭೂಮಿತಾಯಿ ಉಣ್ಣಲಿಲ್ಲವಲ್ಲ, ಆ ದಿನ ನಾವೂ ಯಾರೂ ಉಣ್ಣಲಿಲ್ಲ.