ನಾನು ಕಪ್ಪು ಬಳಿಸಿದ ಬಾಗಿಲು

ಕಣ್ಣಿಗೆ ಆ ಕರಿ ಡಬ್ಬಿ ಕಟ್ಟಿದ ಕೂಡಲೇ ನನ್ನ ವೈನಿ ಮಾಡಿದ ಮೊದಲ ಕೆಲಸ ಏನು ಗೊತ್ತೇ? ತಲೆಯ ಮೇಲೆ ಸೆರಗು ಎಳೆದುಕೊಂಡದ್ದು!

ಡಬ್ಬಿ ಎಂದರೆ ವಿ.ಆರ್. ಹೆಡ್‌ಸೆಟ್. ಈಜುವವರ ಕನ್ನಡಕವನ್ನು ನಾಲ್ಕು ಪಟ್ಟು ದಪ್ಪ ಮಾಡಿದರೆ ಹೇಗಿರುತ್ತದೋ ಹಾಗೆ. ಕಟ್ಟಿಕೊಂಡರೆ ಸುತ್ತಲೂ ಚಿತ್ರದ ಲೋಕವೇ ಕಾಣುತ್ತದೆ. ಸೆರಗು ಅದರ ಪಟ್ಟಿಗೆ ಸಿಕ್ಕಿಕೊಂಡಿತು. ವೈನಿ ಬಿಡಲಿಲ್ಲ, ಹಣೆಯವರೆಗೂ ಎಳೆದರು. ಆಮೇಲೆ ಕುರ್ಚಿಯಿಂದ ಏಳಲು ನೋಡಿದರು.

“ಯಾಕ್ರಿ ವೈನಿ? ಕುಂಡ್ರ್ರಿ” ಎಂದೆ.

“ಇಲ್ಲಿ ಹ್ಯಾಂಗ ಕುಂಡ್ರಲಿ ಬೇ? ಮಾವಾರು ಬರೂ ಹೊತ್ತಾತು!”

ಅವರ ಸೊಸೆ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅತ್ತೀ, ನಿಮ್ಮ ಮಾವಾರು ಹೋಗಿ ನಲವತ್ತ ವರ್ಷ ಆತ್ರಿ. ಎಲ್ಲಿಂದ ಬರ್ತಾರ ಈಗ?”

ನಾನೂ ನಕ್ಕೆ. (ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.)

ಮೊದಲಿನಿಂದ ಹೇಳುವುದು ಒಳ್ಳೆಯದು. ವೈನಿ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ಈಗ ತಿಕೋಟಾದಲ್ಲಿ ಮಗ, ಸೊಸೆಯ ಜೊತೆ ಇದ್ದಾರೆ. ಎಂಬತ್ತೈದು ದಾಟಿದೆ. ಎರಡೂ ಕಣ್ಣಿಗೆ ಗ್ಲಾಕೋಮಾ. ಈ ಕಾಯಿಲೆಯಲ್ಲಿ ನೋಟ ಅಂಚಿನಿಂದ ಹೋಗುತ್ತಾ ಬರುತ್ತದಂತೆ, ನಡುವಿನದು ಕೊನೆಗೆ. ಹೀಗಾಗಿ ವೈನಿ ಈಗ ಲೋಕವನ್ನು ಒಲೆ ಊದುವ ಕೊಳವೆಯಲ್ಲಿ ಇಣುಕಿದ ಹಾಗೆ ನೋಡುತ್ತಾರೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದಕ್ಕೂ ಗ್ಯಾರಂಟಿ ಇಲ್ಲ ಎಂದು ಡಾಕ್ಟರ್ ಫ್ರಾಂಕ್ ಆಗಿ ಹೇಳಿಬಿಟ್ಟರು.

ಆ ದಿನ ವಿಜಯಪುರದ ಕಣ್ಣಿನ ದವಾಖಾನೆಯ ಬೆಂಚಿನ ಮೇಲೆ ಕುಳಿತು ವೈನಿ ಒಂದೇ ಮಾತು ಆಡಿದರು.

“ಬಬಲೇಶ್ವರದ ಮನಿ ಒಮ್ಮಿ ನೋಡಬೇಕಿತ್ತು ಸುಮಿ. ಕಣ್ಣ ಪೂರಾ ಹೋಗೂದ್ರೊಳಗ.”

ನಾನು ಹುಟ್ಟಿದ, ವೈನಿ ಸೊಸೆಯಾಗಿ ಬಂದ ಮನೆ ಅದು. ಈಗ ಎಲ್ಲಿಯ ಮನೆ? ಪಾಲಾದ ಮೇಲೆ ಅದನ್ನು ಕೆಡವಿ ಅಲ್ಲಿ ಅಂಗಡಿ ಸಾಲು ಎಬ್ಬಿಸಿ ಎಷ್ಟೋ ವರ್ಷಗಳಾದವು. ಫೋಟೋ ಇದೆಯೇ ಎಂದರೆ ಅದೂ ಇಲ್ಲ. ನಮ್ಮ ಕಾಲದಲ್ಲಿ ಮನುಷ್ಯರ ಫೋಟೋ ತೆಗೆಸುತ್ತಿದ್ದರು. ಗೋಡೆಯ ಫೋಟೋ ಯಾರು ತೆಗೆಸುತ್ತಾರೆ?

ಆಗ ನೆನಪಾದವಳು ಪವಿತ್ರಾ. ನನ್ನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇರುವ ಹುಡುಗಿ, ಮಮದಾಪುರದವಳು. ಕಾನ್ಸೆಪ್ಟ್ ಆರ್ಟಿಸ್ಟ್. ಗೇಮ್ ಮಾಡುವವರು, ಸಿನಿಮಾ ಮಾಡುವವರು ಒಂದು ಕೋಟೆಯನ್ನೋ ಕೇರಿಯನ್ನೋ ಕಟ್ಟುವ ಮೊದಲು ಅದು ಹೇಗಿರಬೇಕೆಂದು ಇವಳು ಚಿತ್ರ ಬರೆದು ಕೊಡುತ್ತಾಳೆ. ಇನ್ನೂ ಹುಟ್ಟದ ಜಾಗಗಳನ್ನು ಬರೆಯುವವಳಿಗೆ, ಸತ್ತುಹೋದ ಜಾಗ ಬರೆಯಲು ಬರುತ್ತದೆಯೇ ಎಂದು ಕೇಳಿದೆ.

“ನೀವು ಹೇಳ್ರಿ ಟೀಚರ್, ನಾ ಕಟ್ಟತೇನಿ” ಎಂದಳು. ಹೌದು, ಕಟ್ಟುತ್ತೇನೆ ಎಂದೇ ಅಂದಳು.

ಅವಳ ಕೆಲಸ ನೋಡುವುದೇ ಒಂದು ಎಜುಕೇಶನ್. ಮೊದಲು ಕಂಪ್ಯೂಟರ್‌ನಲ್ಲಿ ಬೂದು ಬಣ್ಣದ ಪೆಟ್ಟಿಗೆಗಳನ್ನು ಜೋಡಿಸಿ ಮನೆಯ ಮಾಡೆಲ್ ಮಾಡಿದಳು. ಕಂಬ, ತೊಲೆ, ಮಣ್ಣಿನ ಮಾಳಿಗೆ. ಅದರೊಳಗೆ ಒಂದು ಕಡೆ, ಇಲ್ಲದ ಕ್ಯಾಮೆರಾ ಇಟ್ಟಳು. ಅದು ಸುತ್ತಲೂ, ಮೇಲೂ ಕೆಳಗೂ ಕಂಡದ್ದನ್ನೆಲ್ಲ ಸುಲಿದ ಕಿತ್ತಳೆಯ ಸಿಪ್ಪೆಯ ಹಾಗೆ ಒಂದೇ ಉದ್ದನೆಯ ಹಾಳೆಯಾಗಿ ಬಿಡಿಸಿ ಕೊಟ್ಟಿತು. ಅದರ ಮೇಲೆ ಪೆನ್ನಿನಿಂದ ಪೇಂಟಿಂಗ್ ಶುರು. ಸುಣ್ಣ ಎದ್ದ ಗೋಡೆ, ಎಣ್ಣೆ ಕುಡಿದ ಕಂಬ, ಬೆಳಕಿಂಡಿಯಿಂದ ಬಿದ್ದ ಬಿಸಿಲು. ಕಡೆಗೆ ಆ ಹಾಳೆಯನ್ನು ಮತ್ತೆ ಚೆಂಡಿನ ಹಾಗೆ ಮಡಿಸಿ ನಿಮ್ಮನ್ನು ಒಳಗೆ ಕೂರಿಸುತ್ತಾಳೆ. ಎತ್ತ ತಿರುಗಿದರೂ ಮನೆ.

ಆದರೆ ಒಂದು ಷರತ್ತು. ತಿರುಗಬಹುದು, ನಡೆಯುವಂತಿಲ್ಲ.

“ಎಲ್ಲಿ ಕುಂತ ನೋಡಬೇಕು ಅನ್ನೂದು ಈಗ ಹೇಳಿಬಿಡ್ರಿ ಟೀಚರ್. ಪೇಂಟ್ ಆದಮ್ಯಾಲ ಜಾಗಾ ಸರಸಾಕ ಬರಂಗಿಲ್ಲ.”

ನಾನು ಯೋಚಿಸಲೇ ಇಲ್ಲ. “ಪಡಸಾಲೆಯ ಜೋಕಾಲಿ ಮೇಲೆ” ಎಂದೆ. ಮತ್ತೆಲ್ಲಿ? ವಾರವೆಲ್ಲ ವಿಜಯಪುರದ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದು ಶನಿವಾರ ಮಧ್ಯಾಹ್ನ ಬಸ್ಸಿನಿಂದಿಳಿದರೆ ನನ್ನ ಸಿಂಹಾಸನ ಅದೇ. ಕೈಯಲ್ಲಿ ಇಂಗ್ಲಿಷ್ ಕಥೆ ಪುಸ್ತಕ. ಎದುರಿಗೆ ತಲಬಾಗಿಲು, ಅಂಗಳ, ಬೀದಿ. ಪಕ್ಕದಲ್ಲಿ ಚಹಾ.

ಇನ್ನೊಂದು ಪ್ರಶ್ನೆ ಕೇಳಿದಳು. “ಹಾಳಿ ಎರಡೂ ತುದಿ ಕೂಡೂ ಕಡೆ ಒಂದ ಗೆರಿ ಬೀಳತೈತ್ರಿ. ಅದನ್ನ ಎಲ್ಲಿ ಇಡ್ಲಿ?”

“ಬೆನ್ನ ಹಿಂದೆ ಇಡು. ಅಲ್ಲಿ ಯಾರು ನೋಡ್ತಾರೆ?”

“ಅಲ್ಲೇನಿತ್ರಿ?”

“ಅಡುಗೆಮನೆ ಬಾಗಿಲು.”

“ಒಳಗ?”

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಹೊಗೆ ನೆನಪಾಯಿತು. ಬಳೆಯ ಸದ್ದು, ರೊಟ್ಟಿ ಬಡಿಯುವ ಸದ್ದು ನೆನಪಾಯಿತು. ಕಣ್ಣಿಗೆ ಮಾತ್ರ ಏನೂ ಬರಲಿಲ್ಲ.

“ಕತ್ತಲು ಇರ್ತಿತ್ತು. ಕಪ್ಪು ಹಚ್ಚಿಬಿಡು” ಎಂದೆ.

ಈಗ ತಿಕೋಟಾಕ್ಕೆ ಬನ್ನಿ. ಸೊಸೆಯ ನಗು ನಿಂತ ಮೇಲೆ ವೈನಿ ಕುರ್ಚಿಯ ತುದಿಯಲ್ಲಿ ಮುದುಡಿ ಕುಳಿತು ನೋಡತೊಡಗಿದರು. ಕಂಬ ನೋಡಿದರು, ತೊಲೆ ನೋಡಿದರು. ಪವಿತ್ರಾ ನಾಲ್ಕು ದಿನ ಕೂತು ಬರೆದ ಬಿಸಿಲನ್ನು ನೋಡಿದರು.

“ಛಂದ ಐತಿ. ಯಾರ ಮನಿ ಬೇ ಇದು?”

ಅವರೇ ನಲವತ್ತು ವರ್ಷ ಬಾಳಿದ ಮನೆ! ಆದರೆ ಪಡಸಾಲೆಯಲ್ಲಿ ಅವರು ಎಂದಾದರೂ ಕುಳಿತಿದ್ದರೇ? ನಸುಕಿನಲ್ಲಿ ಬಗ್ಗಿ ಸಾರಿಸುವಾಗ ನೆಲ ಕಂಡಿತ್ತು. ಗಂಡಸರಿದ್ದಾಗ ಸೆರಗು ಎಳೆದುಕೊಂಡು ದಾಟುವಾಗಲೂ ಅದೇ ನೆಲ. ಮಾವನವರ ಜೋಕಾಲಿಯ ಮೇಲೆ ಸೊಸೆಯನ್ನು ಒಯ್ದು ಕೂರಿಸಿದ್ದೆ ನಾನು. ಸೆರಗು ಎಳೆದುಕೊಳ್ಳದೆ ಇನ್ನೇನು ಮಾಡಿಯಾರು?

ಆಮೇಲೆ ಅವರು ಕುರ್ಚಿಯಿಂದ ಎದ್ದು ತಾವಾಗಿಯೇ ಹಿಂದಕ್ಕೆ ತಿರುಗಿದರು. ಯಾರೂ ಹೇಳಬೇಕಾಗಿರಲಿಲ್ಲ, ಅಡುಗೆಮನೆ ಯಾವ ದಿಕ್ಕಿಗೆಂದು ಆ ದೇಹಕ್ಕೆ ಗೊತ್ತಿತ್ತು. ತಿರುಗಿದವರು ಹಾಗೇ ನಿಂತುಬಿಟ್ಟರು. ಒಂದು ಕೈ ಗಾಳಿಯಲ್ಲಿ ತಡಕಾಡಿತು.

“ಸುಮಿ... ಈ ಕಡೆ ಏನೂ ಕಾಣವಲ್ದು ಬೇ. ಎಲ್ಲಾ ಕರ್ರಗ ಆಗೇತಿ. ಇದೂ ಹೋತೇನ ಕಣ್ಣು?”

ಪವಿತ್ರಾ ನನ್ನ ಮುಖ ನೋಡಿದಳು.

“ಕಣ್ಣ ಹೋಗಿಲ್ರಿ ವೈನಿ. ಅಲ್ಲಿ ನಾನ ಕಪ್ಪ ಹಚ್ಚಸೇನಿ.”

“ಯಾಕ?”

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಬಾಯಿಗೆ ಬಂದದ್ದು ಊರ ಮಾತೇ. “ಒಳಗ ಏನಿತ್ತು ಅಂತ ನನಗ ಗೊತ್ತಿಲ್ರಿ” ಎಂದೆ.

ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಿದ್ದರೆ ಹಗುರವಾಗುತ್ತಿತ್ತು. ಅವರು ಉಸಿರು ಬಿಟ್ಟು, “ಅಂದ್ರ ಕಣ್ಣ ಐತಲ್ಲ? ಪುಣ್ಯಾ ಬಂತು” ಎಂದರು. ಆಮೇಲೆ ಡಬ್ಬಿ ಬಿಚ್ಚಿಸಿಕೊಂಡು ಪವಿತ್ರಾಳ ಕಡೆ ತಿರುಗಿದರು.

“ಏ ತಂಗಿ, ನೀ ಇತ್ತ ಬಾ. ಇಕಿಗೇನ ಕೇಳ್ತಿ? ಇಕಿ ಅಲ್ಲಿ ಚಹಾ ಕುಡ್ಯಾಕಷ್ಟ ಇದ್ದಾಕಿ. ನಾ ಹೇಳ್ತೀನಿ, ಬರ್ಕೊ.”

ಎರಡು ತಾಸು ಹೇಳಿದರು. ಒಲೆಯ ಮೇಲಿನ ಗೋಡೆ ಎಷ್ಟು ಎತ್ತರದವರೆಗೆ ಕಪ್ಪು, ಅಲ್ಲಿಂದ ಮೇಲೆ ಹೇಗೆ ಕಂದು. ಒರಗಿ ಕೂರುವ ಕಡೆ ತಲೆಯ ಎಣ್ಣೆಯಿಂದ ಹೊಳೆಯುವ ಗುಂಡನೆಯ ಕಲೆ. ಮೊದಲು ಅತ್ತೆಯದು ಒಂದು, ಅದರ ಕೆಳಗೆ ಇವರದು. (ವೈನಿ ಕುಳ್ಳಗೆ.) ಬೆಳಕಿಂಡಿಯ ಬಿಸಿಲು ಹಿಟ್ಟಿನ ಡಬ್ಬಿಯ ಹತ್ತಿರ ಬಂದರೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು, ನೀರಿನ ಕೊಡ ಮುಟ್ಟಿದರೆ ತಮ್ಮ ಊಟದ ಹೊತ್ತು. ಕತ್ತಲು ಎಂದಿದ್ದೆನಲ್ಲ ನಾನು? ಬಿಸಿಲೇ ಅಲ್ಲಿ ಗಡಿಯಾರವಾಗಿತ್ತು.

ಮನೆಗೆ ಬಂದು ಹಳೆಯ ಫೈಲ್ ತೆಗೆದೆ. ಈ ಅಂಕಣದಲ್ಲಿ ಆ ಮನೆಯ ಬಗ್ಗೆ ನಾನು ಎಷ್ಟು ಸಲ ಬರೆದಿಲ್ಲ! ನೀವೂ ಓದಿ ಪತ್ರ ಹಾಕಿದ್ದೀರಿ, “ನಮ್ಮ ಮನೆಯೇ ಕಣ್ಣಿಗೆ ಕಟ್ಟಿತು” ಎಂದು. ಒಂದರಲ್ಲಾದರೂ ಒಲೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಚಹಾ ಇತ್ತು.

ಪವಿತ್ರಾ ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಅಡುಗೆಮನೆಯೊಳಗೆ ಕುಳಿತು ನೋಡುವ ಹಾಗೆ ಎಲ್ಲವನ್ನೂ ಹೊಸದಾಗಿ ಮಾಡಿದಳು. ಕ್ಯಾಮೆರಾ ಒಂದನ್ನು ಸರಿಸಿದರೆ ಮುಗಿಯುವುದಿಲ್ಲವಂತೆ. ಎದುರಿಗೆ ಇದ್ದದ್ದು ಹಿಂದಾಗುತ್ತದೆ, ಹಿಂದಿನದಕ್ಕೆ ಮಾಡೆಲೇ ಇರುವುದಿಲ್ಲ. ಮಧ್ಯೆ ಮಧ್ಯೆ ತಿಕೋಟಾಕ್ಕೆ ಫೋನ್. ಅಲ್ಲಿ ವೈನಿಯ ನೋಟದ ಕೊಳವೆ ಇನ್ನಷ್ಟು ಸಣ್ಣದಾಗುತ್ತಿದೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ಕೈಯಿಂದ ಹುಡುಕುತ್ತಾರಂತೆ. ಪವಿತ್ರಾಳಿಗೆ ನಾನು ಅವಸರ ಮಾಡಲಿಲ್ಲ. ಆದರೆ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತಿದೆ, ಈ ಮೊಣಕಾಲಿನಲ್ಲಿ.

ಹೋದ ಭಾನುವಾರ ಮತ್ತೆ ತಿಕೋಟಾಕ್ಕೆ ಹೋದೆವು. ಈ ಸಲ ವೈನಿ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಡಬ್ಬಿ ಕಟ್ಟಿದೆವು.

ಕೈಗಳು ಮಡಿಲಲ್ಲೇ ಇದ್ದವು. ಕಾಣುವುದು ನಡುವಿನ ಚೂರೊಂದೇ. ಹಾಗಾಗಿ ಕತ್ತನ್ನು ಇಷ್ಟಿಷ್ಟೇ ತಿರುಗಿಸುತ್ತಾ ಮನೆಯನ್ನು ಚೂರು ಚೂರಾಗಿ ಕೂಡಿಸಿಕೊಳ್ಳುತ್ತಿದ್ದರು. ಒಲೆ. ಕಲೆ. ಬಿಸಿಲು.

“ಆ ಕೊಡಾ ಅಲ್ಲಿರಾಂಗಿಲ್ಲ ತಂಗಿ. ಈಚೆ ಇಡು” ಎಂದರು. ಆಗ ತಿಳಿಯಿತು, ಕಾಣುತ್ತಿದೆ ಎಂದು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕತ್ತು ಬಾಗಿಲಿನತ್ತ ಬಂದು ನಿಂತಿತು. ಅಲ್ಲಿಂದ ಪಡಸಾಲೆಯ ಒಂದು ಸೀಳು ಕಾಣುತ್ತದೆ, ಅದರಲ್ಲಿ ಜೋಕಾಲಿ.

“ಸುಮಿ ಎಲ್ಲಿ?”

“ಇಲ್ಲೇ ಅದೀನ್ರಿ ವೈನಿ.”

“ನೀ ಅಲ್ಲ ಬೇ. ಜೋಕಾಲಿ ಮ್ಯಾಗಿನಾಕಿ. ಶನಿವಾರಕ್ಕೊಮ್ಮಿ ಬರಾಕಿ. ರೊಟ್ಟಿ ಬಡಕೋತ ಆಕಿನ್ನ ನೋಡತಿದ್ನಿ ನಾ. ಒಂದ ಹಾಳಿ ತಿರುವಾಕ ಎಷ್ಟ ರೊಟ್ಟಿ ಆಗತಾವು ಅಂತ ಎಣಿಸತಿದ್ನಿ.”

ಪವಿತ್ರಾ ಲ್ಯಾಪ್‌ಟಾಪ್ ತೆರೆದಳು. “ಅಜ್ಜೀ, ಟೀಚರ್‌ನ ಅಲ್ಲಿ ಬರೀತೇನ್ರಿ. ಮಾರಿ ಯಾವ ಕಡೆ ಇರ್ಲಿ?”

ನಾನು ಬಾಯಿ ತೆರೆಯುವ ಮೊದಲೇ ವೈನಿ ಉತ್ತರ ಕೊಟ್ಟರು. ದೂರು ಇರಲಿಲ್ಲ ಆ ದನಿಯಲ್ಲಿ, ಕೊಡದ ಜಾಗ ಹೇಳಿದ ಹಾಗೆಯೇ ಹೇಳಿದರು.

“ಬೆನ್ನ ಬರೀ. ಎರಡ ಜಡಿ, ನೀಲಿ ರಿಬ್ಬನ್. ಎಡಗಡೀದು ಯಾವಾಗಲೂ ಬಿಚ್ಚಿರ್ತಿತ್ತು. ಹೋಗಿ ಕಟ್ಟಬೇಕು ಅನಸ್ತಿತ್ತು ನನಗ. ಅಲ್ಲಿಗೆ ಹ್ಯಾಂಗ ಬರ್ಲಿ?”

ಆ ರಿಬ್ಬನ್ ಬಿಚ್ಚಿರುತ್ತಿದ್ದುದು ನನಗೇ ಗೊತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ನಿಮ್ಮ ಬೆನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು ಯಾರು, ಒಮ್ಮೆ ತಿರುಗಿ ನೋಡಿದ್ದೀರಾ?